ಮಾಡಿದವರ ಹೆಸರು

ಮಗಳ ಬಾಣಂತನಕ್ಕೆಂದು ನಾವಿಬ್ಬರೂ ೨೦೧೮ರಲ್ಲಿ ಇಂಗ್ಲೆಂಡಿನ ಲೀಡ್ಸಿಗೆ ಹೋಗಿದ್ದೆವು. ಮೊಮ್ಮಗುವಿನ ಬಟ್ಟೆ ಇಡಲು ಏನಾದರೂ ಕೊಡಿಸೋಣವೆಂದು ಹಳೆಯ ಸಾಮಾನಿನ ಅಂಗಡಿಯೊಂದನ್ನು ಹೊಕ್ಕೆವು. ಒಂದರ ಮೇಲೊಂದು ನಾಲ್ಕು ಎಳೆಖಾನೆಗಳಿದ್ದ ಮಹಾಗನಿ ಡ್ರಾಯರು ಕಣ್ಣಿಗೆ ಬಿತ್ತು. ಚೀಟಿಯಲ್ಲಿ 'ಚಿಪ್ಪೆಂಡೇಲ್' ಎಂದಿತ್ತು. ಬೆಲೆ ನೋಡಿ ಎದೆ ಝಲ್ಲೆಂದರೂ ಆಸೆ ಬಿಡಲಿಲ್ಲ. ಥಾಮಸ್ ಚಿಪ್ಪೆಂಡೇಲ್ ಅಲ್ಲಿಗೆ ಸಮೀಪದ ಓಟ್ಲಿಯಲ್ಲಿ ೧೭೧೮ರಲ್ಲಿ ಹುಟ್ಟಿದವನು. ಮುನ್ನೂರನೆಯ ವರ್ಷವೆಂದು ಆ ಸಲ ಲೀಡ್ಸಿನಲ್ಲಿ ಪ್ರದರ್ಶನವೇ ನಡೆದಿತ್ತು.

ಅಳಿಯನ ನೆರೆಮನೆಯ ಹಿರಿಯರು ಜೀವಮಾನವೆಲ್ಲ ಹಳೆಯ ಮರದ ಸಾಮಾನು ದುರಸ್ತಿ ಮಾಡಿದವರು. ಮರುದಿನ ಅವರನ್ನು ಕರೆದುಕೊಂಡು ಹೋದೆವು. ಮುಂಭಾಗದ ಹೊಳಪನ್ನು ಅವರು ನೋಡಲೇ ಇಲ್ಲ. ಅಂಗಡಿಯವರ ಅಪ್ಪಣೆ ಕೇಳಿ ಒಂದು ಖಾನೆಯನ್ನು ಹೊರಗೆಳೆದು ಬೋರಲು ಹಾಕಿದರು. ತಳದ ಹಲಗೆಯ ನಾರು ಮುಂದಿನಿಂದ ಹಿಂದಕ್ಕೋ ಅಡ್ಡಕ್ಕೋ, ಮೂಲೆಯ ಹಲ್ಲುಕಚ್ಚು ಕೈಯಲ್ಲಿ ಕೊರೆದದ್ದೋ ಯಂತ್ರದ್ದೋ, ಹಿಡಿಕೆಯ ಹಳೆಯ ತೂತುಗಳುಂಟೋ ಎಂದೆಲ್ಲ ನೋಡಿದರು. "ಕಾಲ ಸರಿಯೇ, ಹಿಡಿಕೆ ಮಾತ್ರ ಆಮೇಲಿನವು. ಆದರೆ ಚಿಪ್ಪೆಂಡೇಲನದೇ ಎನ್ನಲು ಆಧಾರವೇನು?" ಎಂದರು.

ಹೆಸರು ಒತ್ತಿರುವುದಿಲ್ಲವೇ ಎಂದು ಕೇಳಿದೆವು. ಪ್ಯಾರಿಸ್ಸಿನ ಬಡಗಿಗಳಿಗೆ ಅವರ ಸಂಘ ಮುದ್ರೆಯನ್ನು ಕಡ್ಡಾಯ ಮಾಡಿತ್ತಂತೆ; ಇಂಗ್ಲೆಂಡಿನಲ್ಲಿ ಆ ಕಟ್ಟಳೆ ಇರಲಿಲ್ಲ. ಲ್ಯಾಂಕಾಸ್ಟರಿನ ಗಿಲ್ಲೋ ಮನೆತನದವರು ೧೮ನೆಯ ಶತಮಾನದ ಕೊನೆಗೆ ಖಾನೆಯ ಅಂಚಿಗೆ ಹೆಸರು ಒತ್ತತೊಡಗಿದರು. ಚಿಪ್ಪೆಂಡೇಲ್ ಹಾಗೆ ಮಾಡಲಿಲ್ಲ. ಆತನ ಕೆಲಸಕ್ಕೆ ಗಟ್ಟಿ ಸಾಕ್ಷಿಯೆಂದರೆ ಬಿಲ್ಲು. ಹತ್ತಿರದ ಹೇರ್‌ವುಡ್ ಬಂಗಲೆಯ ಕುಸುರಿ ಕೆಲಸದ 'ಕಮೋಡ್' ಒಂದಕ್ಕೆ ೧೭೭೩ರ ಬಿಲ್ಲು ಉಳಿದಿದೆ: ೮೬ ಪೌಂಡು. ನಗಬೇಡಿ, ಆಗ ಕಮೋಡ್ ಎಂದರೆ ದಿವಾನಖಾನೆಗೂ ಒಪ್ಪುವ ಅಲಂಕಾರದ ಕಪಾಟು!

ತೊಡಕು ಇನ್ನೊಂದಿದೆ. ೧೭೫೪ರಲ್ಲಿ ಚಿಪ್ಪೆಂಡೇಲ್ ತನ್ನ ನಮೂನೆಗಳ ಪುಸ್ತಕ ಅಚ್ಚು ಹಾಕಿಸಿದ. ಅದನ್ನು ಕೊಂಡ ಯಾವ ಬಡಗಿಯಾದರೂ ನೋಡಿ ಮಾಡಬಹುದಿತ್ತು. ಹೆಪ್ಪಲ್‌ವೈಟನ ಕಥೆ ಇನ್ನೂ ವಿಚಿತ್ರ. ಆತ ತೀರಿಕೊಂಡದ್ದು ೧೭೮೬ರಲ್ಲಿ. ಹೆಂಡತಿ ಪುಸ್ತಕ ಹೊರತಂದದ್ದು ೧೭೮೮ರಲ್ಲಿ. ಲೋಕವೆಲ್ಲ ಆತನ ಹೆಸರು ಹೇಳುತ್ತದೆ, ಆತನೇ ಮಾಡಿದ್ದೆಂದು ಖಚಿತವಾದ ಸಾಮಾನು ಒಂದೂ ಇಲ್ಲ. ಬರಿಯ ಹೆಸರಿಗೆ ಹಣ ತೆರಲು ಮನಸ್ಸಾಗದೆ ನಾವು ಹಿಂದಿರುಗಿದೆವು.

ಮುಂಬಯಿಗೆ ಮರಳಿದ ಮೇಲೆ ಮಾಟುಂಗದ ನಮ್ಮ ಮನೆಯ ಸಾಗುವಾನಿ ಡ್ರಾಯರನ್ನೂ ಬೋರಲು ಹಾಕಿ ನೋಡಿದೆವು. ೧೯೬೪ರಲ್ಲಿ ಹಿರಿಯರು ಬಡಗಿಯನ್ನು ಮನೆಯಲ್ಲೇ ಕೂರಿಸಿ ಮಾಡಿಸಿದ್ದು. ಮೂರು ವಾರ ನಮ್ಮಲ್ಲೇ ಉಂಡ ಆತನ ಹೆಸರನ್ನು ನಾವ್ಯಾರೂ ಕೇಳಿಟ್ಟುಕೊಳ್ಳಲಿಲ್ಲ, ಬಿಲ್ಲಂತೂ ಇಲ್ಲ. ಆದರೆ ಖಾನೆಗಳ ಹಿಂಬದಿಗೆ ಪೆನ್ಸಿಲಿನಲ್ಲಿ ೧, ೨, ೩, ೪ ಎಂದು ಬರೆದಿತ್ತು, ಕನ್ನಡ ಅಂಕಿಯಲ್ಲಿ. ನಮ್ಮ ಕಡೆಯವನೇ! ಐವತ್ತು ವರ್ಷ ಅದರಲ್ಲಿ ಬಟ್ಟೆ ಇಟ್ಟೂ ನಮಗೆ ತಿಳಿದಿರಲಿಲ್ಲ. ಆತ ಯಾರೆಂದು ಹೇಳಬಲ್ಲ ಹಿರಿಯರು ಈಗಿಲ್ಲ.

ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ಇವತ್ತೇ ಕೇಳಿ, ಖಾನೆಯ ತಳದಲ್ಲಿ ಆ ಹೆಸರನ್ನು ಬರೆದಿಡಿ.