ಮಳೆಗೆ ಮುಂಚೆ ಒಂದು ಬಾಣಂತಿ ಕೋಣೆ

ಕರಾವಳಿಯಲ್ಲಿ ಮಲಗುವ ಕೋಣೆ ಸಜ್ಜು ಮಾಡೋದು ಅಂದ್ರೆ ಮೊದಲು ಮಳೆಯ ಲೆಕ್ಕ ಹಾಕೋದು. ಫೋನಿನಲ್ಲಿ ನಾವು ನೋಡಿ ಸೇವ್ ಮಾಡಿಕೊಳ್ಳುವ ಚಂದದ ಕೋಣೆಗಳೆಲ್ಲ ಒಣ ಊರಿನವು. ದಪ್ಪ ಕಾರ್ಪೆಟ್, ಬಟ್ಟೆ ಹೊದಿಸಿದ ಮಂಚ, ಗೋಡೆಗೆ ವಾಲ್‌ಪೇಪರ್. ಅದನ್ನೇ ಹೊನ್ನಾವರದಲ್ಲಿ ಮಾಡಿಸಿ ಆಷಾಢದಲ್ಲಿ ಬಂದು ನೋಡಿ, ಎಲ್ಲದಕ್ಕೂ ಬೂಷ್ಟು.

ನಮಗೆ ಬೇಕಿದ್ದದ್ದು ಅಕ್ಕನ ಬಾಣಂತನಕ್ಕೆ ಒಂದು ಕೋಣೆ. ಹೆರಿಗೆ ಜುಲೈಯಲ್ಲಿ. ಅಕ್ಕನಿಗೆ ಚಿಕ್ಕಂದಿನಿಂದ ಉಬ್ಬಸ. ಬೆಂಗಳೂರಿನ ಫ್ಲಾಟಿನಲ್ಲಿ ಹೊಸ ವಾರ್ಡ್‌ರೋಬ್ ಕೂರಿಸಿದ ತಿಂಗಳು ಇನ್‌ಹೇಲರ್ ಇಲ್ಲದೆ ಅವಳು ಒಂದು ರಾತ್ರಿಯೂ ಮಲಗಿರಲಿಲ್ಲ. ಹಾಗಾಗಿ ಏಪ್ರಿಲ್ ಕೊನೆಗೆ ಲ್ಯಾಪ್‌ಟಾಪ್ ಸಮೇತ ಊರಿಗೆ ಬಂದೆ. ವಾರವಿಡೀ ಮೀಟಿಂಗ್, ಶನಿವಾರ, ಭಾನುವಾರ ಅಪ್ಪನ ಸ್ಕೂಟರ್ ಹಿಂದೆ ಕೂತು ತಿರುಗಾಟ. ಹೊನ್ನಾವರದಿಂದ ಉತ್ತರಕ್ಕೆ ಕುಮಟಾ ಸುಮಾರು 20 ಕಿಲೋಮೀಟರ್, ದಕ್ಷಿಣಕ್ಕೆ ಭಟ್ಕಳ ಅದರ ಎರಡರಷ್ಟು.

ಮೊದಲು ಗೋಡೆ. ನಮ್ಮದು ಚಿರೆಕಲ್ಲಿನ ಹಳೇ ಮನೆ. ಚಿರೆಕಲ್ಲು ನೀರು ಹೀರ್ತದೆ, ಬಿಸಿಲಲ್ಲಿ ಬಿಡ್ತದೆ. ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಒಳಗಿನ ತೇವಕ್ಕೆ ದಾರಿಯಿಲ್ಲದೆ ಬಣ್ಣ ಗುಳ್ಳೆ ಏಳ್ತದೆ, ಹಿಂದೆಯೇ ಬೂಷ್ಟು. ಕೆರೆಸಿ ಸುಣ್ಣ ಬಳಿಸಿದೆವು. ಸುಣ್ಣ ತೇವವನ್ನು ತಡೆಹಿಡಿಯೋದಿಲ್ಲ, ಅದರ ಕ್ಷಾರಕ್ಕೆ ಬೂಷ್ಟು ಬೇಗ ಹತ್ತೋದೂ ಇಲ್ಲ. ಚಿಪ್ಪಿನ ಸುಣ್ಣವೇ ಬೇಕು ಅಂತ ಅಪ್ಪನಿಗೆ ಆಸೆ. ಕುಮಟಾ ಪಕ್ಕದ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣವಾಯ್ತು. ಅಲ್ಲಿನ ಬಳಚು ನಂಬಿಕೊಂಡು ಎಷ್ಟೋ ಮನೆಗಳ ಒಲೆ ಉರೀತವೆ. ನಮ್ಮ ಒಂದು ಗೋಡೆಗಾಗಿ ಆ ಚಿಪ್ಪು ಬೇಡ ಅಂತ ನಾನು ಹಟ ಹಿಡಿದೆ. ಅಂಗಡಿಯ ಕಲ್ಲುಸುಣ್ಣವೇ ಬಂತು. ಸುಣ್ಣ ನೀರಿಗೆ ಬಿದ್ದು ಕುದಿಯುವಾಗ ಕಣ್ಣಿಗೆ ಹಾರಿದರೆ ಕಣ್ಣೇ ಹೋದೀತು. ಆ ಕೆಲಸವೆಲ್ಲ ಅಕ್ಕ ಬರುವ ಮೊದಲೇ, ಅಂಗಳದಲ್ಲಿ ಮುಗೀತು.

ಬರೀ ಬಿಳಿ ಗೋಡೆ ಆಸ್ಪತ್ರೆ ಥರ ಕಾಣ್ತದೆ ಅಂತ ಫೋನಿನಲ್ಲೇ ಅಕ್ಕನ ತಕರಾರು. ನಮ್ಮ ಕಡೆಯ ಹಳೇ ದೇವಸ್ಥಾನಗಳ ಕಾವಿ ಕಲೆ ನೆನಪಾಯ್ತು. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣದ ಪದರ ಕೊಟ್ಟು, ಹಸಿ ಇರುವಾಗಲೇ ಕೆರೆದು ಬಳ್ಳಿ, ಹೂವು ಬಿಡಿಸೋದು. ನಮಗೆ ಆ ಕೈಚಳಕ ಎಲ್ಲಿಂದ ಬರಬೇಕು? ಮಂಚದ ತಲೆಯ ಕಡೆ ಒಂದು ಗೇಣು ಅಗಲದ ಕಾವಿ ಪಟ್ಟಿ ಎಳೆದೆವು. ನೆಲದ ಕೆಂಪಿಗೂ ಅದಕ್ಕೂ ಜೋಡಿಯಾಗಿ ಕೋಣೆಗೆ ಒಂದು ಕಳೆ ಬಂತು.

ಮರ ಹುಡುಕಿಕೊಂಡು ಭಟ್ಕಳಕ್ಕೆ ಹೋದೆವು. ಹಳೇ ಮನೆ ಕೆಡವಿದ ಮರ ಮಾರುವ ಕಡೆ ಅಂಗಳದ ತುಂಬ ಬಾಗಿಲು, ಕಿಟಕಿ, ತೊಲೆ. ಹಸಿರು ಪೇಂಟಿನ ಜೋಡಿ ಬಾಗಿಲೊಂದನ್ನು ಅಲ್ಲೇ ಬಿಟ್ಟುಬರಲು ನನಗೆ ಹೊಟ್ಟೆ ಉರೀತು. ಉಜ್ಜಿ ಮಂಚಕ್ಕೆ ತಲೆಹಲಗೆ ಮಾಡಿದರೆ ಇನ್‌ಸ್ಟಾಗ್ರಾಂಗೇ ಹೇಳಿ ಮಾಡಿಸಿದ ಹಾಗಿರ್ತಿತ್ತು. ಆದರೆ ನಮ್ಮ ದೇಶದಲ್ಲಿ ಮನೆ ಬಳಕೆಯ ಪೇಂಟಿಗೆ 90 ಪಿಪಿಎಂ ಸೀಸದ ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಳೆಯ ಬಣ್ಣವನ್ನು ಮರಳುಕಾಗದದಲ್ಲಿ ಉಜ್ಜಿದರೆ ಸೀಸದ ಧೂಳು ಮನೆಯೆಲ್ಲ ಹರಡಬಹುದು, ತಾಯಿಯ ರಕ್ತದಿಂದ ಹೊಟ್ಟೆಯ ಮಗುವಿಗೂ ದಾಟ್ತದೆ. ಎಂದೂ ಬಣ್ಣ ಕಾಣದ ಹಲಸಿನ ಹಲಗೆಗಳನ್ನೇ ಆರಿಸಿದೆವು. ಹೊಸದರಲ್ಲಿ ಅರಿಸಿನ ಬಣ್ಣದ ಹಲಸು ವರ್ಷ ಕಳೆದಂತೆ ಕಂದಾಗ್ತದೆ. ಇವು ಆಗಲೇ ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ಬರುವಾಗ ಒಂದು ಅಟ್ಟೆ ಭಟ್ಕಳ ಮಲ್ಲಿಗೆ ಅಜ್ಜಿಗೆ. (ಅದು ಅಜ್ಜಿಯ ಕೋಣೆಗೇ ಹೋಗಲಿ. ಉಬ್ಬಸದವರಿಗೆ ಹೂವಿನ ಗಾಢ ಪರಿಮಳವೂ ಕೆಲವೊಮ್ಮೆ ಆಗಿಬರೋದಿಲ್ಲ.)

ಹಲಗೆಗಳು ಟೆಂಪೋದಲ್ಲಿ ಕುಮಟಾಕ್ಕೆ ಹೋದವು. ಅಲ್ಲಿನ ಆಚಾರಿಗೆ ಅಪ್ಪನ ಪರಿಚಯ. ಅವರು ಮೊದಲು ನಕ್ಕರು. "ಈಗ ಯಾರು ತಂಗೀ ಮರದ ಮಂಚ ಮಾಡಿಸ್ತಾರೆ? ಪ್ಲೈವುಡ್ಡಾದರೆ ಎರಡು ದಿನದ ಕೆಲಸ." ಪ್ಲೈವುಡ್, ಎಂಡಿಎಫ್ ಅಂಟಿನಿಂದ ಫಾರ್ಮಾಲ್ಡಿಹೈಡ್ ನಿಧಾನಕ್ಕೆ ಹೊರಬರ್ತದೆ. ಸೆಕೆ, ತೇವ ಹೆಚ್ಚಿದಷ್ಟೂ ಹೆಚ್ಚು, ನಮ್ಮ ಊರಲ್ಲಿ ಎರಡಕ್ಕೂ ಬರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅದನ್ನು ಕ್ಯಾನ್ಸರ್‌ಕಾರಕ ಎಂದಿದೆ. ಪ್ಲೈವುಡ್ ಬಿಟ್ಟರೆ ಗತಿಯಿಲ್ಲ ಅನ್ನುವವರು ಇ0 ಅಥವಾ ಇ1 ದರ್ಜೆ ಕೇಳಿ ಕೊಳ್ಳಿ, ತಿಂಗಳುಗಟ್ಟಲೆ ಗಾಳಿಗೆ ಬಿಡಿ.

ಮಾತು ಪಾಲಿಶಿಗೆ ಬಂತು. ಒರಲೆ ಹತ್ತಬಾರದು ಅಂದ್ರೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವಾ, ಪೂರ್ತಿ ನೈಸರ್ಗಿಕ ಅಂದರು ಆಚಾರಿ. ನೈಸರ್ಗಿಕ ಹೌದು. ದೋಣಿಗೆ ಹಚ್ಚಲಿಕ್ಕೆ ಒಳ್ಳೇದೇ. ಆದರೆ ಚರ್ಮಕ್ಕೆ ತಾಗಿದರೆ ಗುಳ್ಳೆ ಏಳಿಸುವ ಎಣ್ಣೆ ಅದು. ಗೇರುಬೀಜ ಒಡೆಯುವ ಹೆಂಗಸರ ಕೈ ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ಪ್ಯಾಕೆಟ್ಟಿನ ಮೇಲೆ ಹಸಿರು ಎಲೆ ಅಚ್ಚಾದ ಕೂಡಲೇ ನಿರಪಾಯ ಅಂತ ನಂಬುವ ನಮ್ಮ ಪೀಳಿಗೆಗೆ ಈ ಎಣ್ಣೆಯನ್ನೊಮ್ಮೆ ಪರಿಚಯ ಮಾಡಿಸಬೇಕು. ಕೊನೆಗೆ ಅರಗಿನ ಪಾಲಿಶ್ ಅಂತ ಒಪ್ಪಂದವಾಯ್ತು. ಅದರ ಸ್ಪಿರಿಟ್ ವಾಸನೆ ಮೇ ತಿಂಗಳ ಬಿಸಿಲಿಗೆ ಕೆಲವೇ ದಿನದಲ್ಲಿ ಹೋಯ್ತು. ಬಿಸಿ ಲೋಟ ಇಟ್ಟರೆ ಬಿಳಿ ಕಲೆ ಬೀಳ್ತದೆ, ಇರಲಿ. ಅಡಿಗೆ ಗಾಳಿ ಆಡಲಿ ಅಂತ ಪಟ್ಟಿಗಳ ನಡುವೆ ಎರಡು ಬೆರಳು ಜಾಗ ಬಿಡಿಸಿದೆ.

ಹಾಸಿಗೆಗೆ ಹತ್ತಿ ಹುಡುಕುವಾಗ ಒಂದು ಸ್ವಾರಸ್ಯ ಸಿಕ್ಕಿತು. ಮಳೆಯೂರು ಕುಮಟಾದಲ್ಲಿ ಹತ್ತಿ ಬೆಳೆಯೋದಿಲ್ಲ. ಆದರೂ ಒಂದು ಕಾಲಕ್ಕೆ ಮುಂಬೈಯಿಂದ ಲಿವರ್‌ಪೂಲ್‌ವರೆಗೆ 'ಕುಮಟಾ ಹತ್ತಿ' ಎಂಬ ಹೆಸರಿತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಬಂದು ಈ ಬಂದರಿನಲ್ಲಿ ಹಡಗು ಹತ್ತುತ್ತಿದ್ದುದರಿಂದ ಆ ಹೆಸರು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಚಿನ್ನದ ಬೆಲೆ ಬಂದಾಗ ಬ್ರಿಟಿಷರಿಗೆ ಈ ಕರಾವಳಿಯ ಬಂದರುಗಳ ಮೇಲೆ ಕಣ್ಣು ಬಿತ್ತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಮುಂದೆ ರೈಲು ಬಂತು, ಹತ್ತಿ ಮರ್ಮಗೋವಾ ಕಡೆ ತಿರುಗಿತು. ಇಂದು ಕುಮಟಾ ಪೇಟೆಯಲ್ಲಿ ಹಾಸಿಗೆ ಕೇಳಿದರೆ ಮೊದಲು ತೋರಿಸೋದು ಫೋಮ್.

ಹತ್ತಿ ಹಾಸಿಗೆಗೆ ವಾರಕ್ಕೊಮ್ಮೆ ಬಿಸಿಲು ಬೇಕು, ಜುಲೈಯಲ್ಲಿ ಅದು ಸಿಗೋದಿಲ್ಲ. ಹಾಗಾಗಿ ಕೆಳಗೆ ಗಾಳಿಯಾಡುವ, ರಬ್ಬರ್ ಹಾಲಿನಲ್ಲಿ ಬೆಸೆದ ತೆಂಗಿನ ನಾರಿನ ಗಟ್ಟಿ ಹಾಸಿಗೆ, ಮೇಲೆ ತೆಳ್ಳಗಿನ ಎರಡು ಹತ್ತಿ ಹಾಸು. ಒಂದು ಬಳಕೆಯಲ್ಲಿದ್ದರೆ ಇನ್ನೊಂದು ಒಣಗಲಿಕ್ಕೆ. ನಾರಿನ ಹಾಸಿಗೆಯ ನಡುವೆ ಫೋಮ್ ಪದರ ಇದೆಯಾ ಅಂತ ಜಿಪ್ ತೆಗೆಸಿ ನೋಡಿ. ಎರಡು ಅಂಗಡಿಯಲ್ಲಿ ಇತ್ತು. ದಿಂಬಿಗೆ ಅಜ್ಜಿ ತೋಟದಲ್ಲಿ ಆರಿಸಿಟ್ಟ ಬೂರುಗದ ಹತ್ತಿ. ಅದು ಅಕ್ಕನಿಗೆ ಮಾತ್ರ, ಕೂಸಿನ ಹತ್ತಿರ ದಿಂಬು ಗಿಂಬು ಇಡಬಾರದು.

ಇಷ್ಟೆಲ್ಲ ಆದಮೇಲೆ ಬಂತು ನೋಡಿ ದೊಡ್ಡ ಯುದ್ಧ. ಬಾಣಂತಿ ಕೋಣೆ ಅಂದ್ರೆ ಅಜ್ಜಿಯ ಪ್ರಕಾರ ಬಾಗಿಲು ಮುಚ್ಚಿ, ಮಂಚದ ಕೆಳಗೆ ಕೆಂಡ ಇಟ್ಟು, ಲೋಬಾನದ ಹೊಗೆ ಹಾಕಬೇಕು. "ಎಂಟು ಬಾಣಂತನ ಮಾಡಿದವಳು ನಾನು. ಹೊಗೆ ಇಲ್ಲದೆ ತಲೆ ಒಣಗ್ತದಾ?" ಮುಚ್ಚಿದ ಕೋಣೆಯ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರ್ತದೆ, ವಾಸನೆಯಿಲ್ಲ, ಮಲಗಿದವರಿಗೆ ಗೊತ್ತೇ ಆಗೋದಿಲ್ಲ ಅಂತ ನಾನು ಹೇಳಿದ್ದು ಕಿವಿಗೆ ಬೀಳಲಿಲ್ಲ. ಅಕ್ಕ ಸ್ಪೀಕರಿನಲ್ಲಿ ಡಾಕ್ಟರಮ್ಮನ ಮಾತು ಕೇಳಿಸಿದಳು. ಅಜ್ಜಿ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಾವೇ ಕೋಣೆಗೆ ಬಂದು ಗೋಡೆ ಮುಟ್ಟಿದರು, ಹಾಸಿಗೆ ಒತ್ತಿದರು, ಕಿಟಕಿ ತೆಗೆದು ಹಾಕಿ ನೋಡಿದರು.

"ಕೆಂಡ ಬೇಡ ಅಂದ್ರೆ ಬೇಡ. ಲೋಬಾನ ದೇವರ ಮುಂದೆ ಸಾಕು. ತಲೆ ಒಣಗಿಸಲಿಕ್ಕೆ ನಿನ್ನ ಆ ಗಾಳಿ ಪಿಸ್ತೂಲು ಕೊಡು. ಮತ್ತೆ ಸೊಳ್ಳೆಗೆ ಎಂತ? ಆ ಸುರುಳಿ ಬತ್ತಿ ಹಚ್ತೀರಾ? ಅದು ಹೊಗೆ ಅಲ್ವಾ?"

ಅಪ್ಪ ಆಗಲೇ ಸೊಳ್ಳೆಪರದೆಗೆ ನಾಲ್ಕು ಕೊಕ್ಕೆ ಹುಡುಕಲು ಅಟ್ಟಕ್ಕೆ ಏಣಿ ಇಡ್ತಾ ಇದ್ದರು.