ಬೋನಸ್ಸೂ ಪ್ರೊಸೆಸರೂ

ದಸರೆಯ ಹೊತ್ತಿಗೆ ನಮ್ಮಂಥ ಕೇಂದ್ರ ಸರಕಾರದ ಗುಮಾಸ್ತರ ಕೈಗೆ ಬರುವ ಬೋನಸ್ಸು 6,908 ರೂಪಾಯಿ. ಮೂವತ್ತು ದಿನಗಳ ಸಂಬಳವೆಂದು ಆಜ್ಞೆಯಲ್ಲೇನೋ ಬರೆದಿರುತ್ತದೆ. ಆದರೆ ತಿಂಗಳ ಸಂಬಳವನ್ನು ಏಳು ಸಾವಿರವೆಂದೇ ಹಿಡಿದು ಲೆಕ್ಕ ಹಾಕುವುದರಿಂದ ಹಿರಿಯನಿಗೂ ಅಷ್ಟೇ, ಕಿರಿಯನಿಗೂ ಅಷ್ಟೇ. ಹಣ ಬರುವ ಮುಂಚೆಯೇ ಅದಕ್ಕೆ ಮನೆಯಲ್ಲಿ ನಾಲ್ಕು ಅರ್ಜಿಗಳು ಬಿದ್ದಿರುತ್ತವೆ. 2025ರ ದಸರೆಯಲ್ಲಿ ಬಿದ್ದ ಅರ್ಜಿಗಳಲ್ಲಿ ಒಂದು ನನ್ನದೇ: ಆಟವಾಡುವ ಕಂಪ್ಯೂಟರಿಗೆ ಹೊಸ ಪ್ರೊಸೆಸರು.

ಮೂವತ್ತಾರು ವರ್ಷದ ಗೃಹಸ್ಥನಿಗೆ ಆಟವೇ ಎಂದು ವಾಚಕರು ನಕ್ಕಾರು. ನಗಲಿ. ನಾನು ಡೊಂಬಿವಿಲಿಯಲ್ಲಿ, ತಮ್ಮ ಹುಬ್ಬಳ್ಳಿಯಲ್ಲಿ. ಅಣ್ಣತಮ್ಮಂದಿರ ಫೋನಿನ ಮಾತು ಎಷ್ಟೆಂಬುದು ಪರಸ್ಥಳದಲ್ಲಿರುವ ಎಲ್ಲರಿಗೂ ಗೊತ್ತು. "ಊಟ ಆತೇನು?" "ಆತು. ನಿಂದು?" "ಮಳಿ?" "ಐತಿ." ಅಲ್ಲಿಗೆ ಮುಗಿಯಿತು. ಆದರೆ ಶುಕ್ರವಾರ ರಾತ್ರಿ ಇಬ್ಬರೂ ಮೈಕು ಮುಂದಿಟ್ಟುಕೊಂಡು ಕೌಂಟರ್-ಸ್ಟ್ರೈಕ್ ಆಡಲು ಕುಳಿತೆವೆಂದರೆ ಎರಡು ತಾಸು ಮಾತು ನಿಲ್ಲುವುದಿಲ್ಲ. ಐವರಿಗೆ ಐವರು ಎದುರಾಗಿ ಗುಂಡು ಹಾರಿಸುವ ಆಟ ಅದು. ಸತ್ತವನು ಆ ಸುತ್ತು ಮುಗಿಯುವ ತನಕ ಸುಮ್ಮನೆ ನೋಡುತ್ತ ಕೂಡಬೇಕು. ನಾವಿಬ್ಬರೂ ಬೇಗ ಸಾಯುವವರಾದ್ದರಿಂದ ಬೇಕಾದಷ್ಟು ಬಿಡುವು. ಅಪ್ಪನ ಮೊಣಕಾಲು, ಹೊಲದ ಲಾವಣಿ, ತಂಗಿಯ ಗಂಡನ ವರ್ಗಾವಣೆ, ಹೀಗೆ ನಮ್ಮ ಮನೆತನದ ಠರಾವುಗಳೆಲ್ಲ ಕೆಲವು ವರ್ಷಗಳಿಂದ ಸತ್ತವರ ಬಿಡುವಿನಲ್ಲಿಯೇ ಪಾಸಾಗಿವೆ. ಏಳು ವರ್ಷದ ಮಗ ಮಗ್ಗುಲಲ್ಲಿ ಕುಳಿತು ಕೇಳುತ್ತಾನೆ. ಅವನಿಗೆ ಶಾಲೆಯಲ್ಲಿ ಮರಾಠಿ, ಕೆಳಗೆ ಆಡುವಾಗ ಹಿಂದಿ. ಹುಬ್ಬಳ್ಳಿಯ ಮಾತು ಬಂದದ್ದು ಕಾಕಾನಿಂದ.

2023ರಲ್ಲಿ ಹಳೆಯ ಆಟವನ್ನು ತೆಗೆದು ಅದರ ಜಾಗಕ್ಕೆ ಎರಡನೆಯ ಅವತಾರ ತಂದರು. ಅದರ ಚಿತ್ರ ಚಂದ, ಭಾರ ಹೆಚ್ಚು. ನನ್ನ ಕಂಪ್ಯೂಟರಿನಲ್ಲಿದ್ದದ್ದು 2018ರ ಎ.ಎಂ.ಡಿ. ರೈಜನ್ 3 2200ಜಿ ಎಂಬ ನಾಲ್ಕು ಕೋರಿನ ಪ್ರೊಸೆಸರು. ಎದುರಾಳಿ ಹೊಗೆಗುಂಡು ಎಸೆದರೆ ಸಾಕು, ನನ್ನ ಪರದೆ ಅರ್ಧ ಸೆಕೆಂಡು ಗಕ್ಕನೆ ನಿಲ್ಲುವುದು. "ಅಣ್ಣಾ, ಮತ್ತ ಕಂಬದಂಗ ನಿಂತ್ಯಲ್ಲೊ!" ಮೊದಮೊದಲು ನಗೆಯಾಗಿತ್ತು. ಆಮೇಲೆ ಒಂದೆರಡು ಶುಕ್ರವಾರ ಅವನು "ಇವತ್ತ ಬ್ಯಾಡ ಬಿಡು" ಎಂದ. ಅದು ನನಗೆ ಹಿಡಿಸಲಿಲ್ಲ.

ಕಂಪ್ಯೂಟರು ನಿಧಾನವಾಯಿತೆಂದರೆ ತಿಳಿದವರೂ ತಿಳಿಯದವರೂ ಹೇಳುವ ಮೊದಲ ಮಾತು, "ಗ್ರಾಫಿಕ್ಸ್ ಕಾರ್ಡು ಬದಲಿಸಿ." ಅದೇ ಅತ್ಯಂತ ದುಬಾರಿ. ಅಪರಾಧಿ ಯಾರೆಂದು ತಿಳಿಯಲು ಖರ್ಚಿಲ್ಲದ ಒಂದು ಉಪಾಯವಿದೆ. ಆಟದ ಚಿತ್ರದ ಅಳತೆಯನ್ನು 1080ರಿಂದ 720ಕ್ಕೆ ಇಳಿಸಿ ನೋಡಬೇಕು. ಚಿತ್ರ ಸಣ್ಣದಾದರೆ ಕಾರ್ಡಿನ ಹೊರೆ ಇಳಿಯುತ್ತದೆ, ಪ್ರೊಸೆಸರಿನದು ಇಳಿಯುವುದಿಲ್ಲ. ಇಳಿಸಿದ ಮೇಲೂ ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ ಏರದಿದ್ದರೆ ತಪ್ಪು ಪ್ರೊಸೆಸರಿನದೇ. ನನ್ನಲ್ಲಿ ಏರಲಿಲ್ಲ. 2020ರಲ್ಲಿ ಕೊಂಡ ಜಿ.ಟಿ.ಎಕ್ಸ್. 1650 ಕಾರ್ಡು ಅರ್ಧ ಕೆಲಸವಿಲ್ಲದೆ ಕುಳಿತಿತ್ತು. ಪ್ರೊಸೆಸರಿನ ನಾಲ್ಕೂ ಕೋರುಗಳು ಏದುಸಿರು ಬಿಡುತ್ತಿದ್ದವು.

ಹಾಗಾದರೆ ಕೋರು ಹೆಚ್ಚಿದ್ದನ್ನು ತಂದರಾಯಿತೆ? ಇಲ್ಲಿ ಕಚೇರಿಯ ಅನುಭವ ನನ್ನ ಸಹಾಯಕ್ಕೆ ಬಂತು. ವಿಭಾಗದಲ್ಲಿ ಎಂಟು ಮಂದಿ ಗುಮಾಸ್ತರಿದ್ದರೂ ಸಹಿ ಹಾಕುವ ಹೆಡ್‌ಕ್ಲಾರ್ಕು ಒಬ್ಬನೇ ಇದ್ದರೆ ಕಡತಗಳು ಅವನ ವೇಗದಲ್ಲಿಯೇ ಸಾಗಬೇಕು. ಆಟಗಳ ಹಣೆಬರಹವೂ ಬಹುಮಟ್ಟಿಗೆ ಇದೇ: ಮುಖ್ಯ ಕೆಲಸವೆಲ್ಲ ಒಂದೆರಡು ಕೋರುಗಳ ತಲೆಯ ಮೇಲೆ. ಆದ್ದರಿಂದ 2018ರ ಎಂಟು ಕೋರಿನ ರೈಜನ್ 7 2700 ಅಗ್ಗಕ್ಕೆ ಸೆಕೆಂಡ್‌ಹ್ಯಾಂಡ್ ಸಿಕ್ಕರೂ, ಆಟದಲ್ಲಿ ಅದು 2022ರ ಆರು ಕೋರಿನ ರೈಜನ್ 5 5600ಕ್ಕೆ ಹಿಂದೆಯೇ.

ಇನ್ನೊಂದು ಸಂಗತಿ ಕ್ಯಾಶ್. ಮೇಜಿನ ಮೇಲೆಯೇ ಇರುವ ಕಡತಕ್ಕೂ ರೆಕಾರ್ಡು ಕೋಣೆಯಿಂದ ತರಿಸಬೇಕಾದ ಕಡತಕ್ಕೂ ಎಷ್ಟು ಅಂತರ! ಕ್ಯಾಶ್ ಎಂದರೆ ಪ್ರೊಸೆಸರಿನ ಮೇಜು; ರ್‍ಯಾಮು ರೆಕಾರ್ಡು ಕೋಣೆ. ನನ್ನ ಹಳೆಯದರ ಮೇಜು 4 ಎಂ.ಬಿ., 5500ರದು 16, 5600ರದು 32. 2024ರಲ್ಲಿ ಬಂದ 5700ಎಕ್ಸ್3ಡಿ ಎಂಬುದರಲ್ಲಂತೂ 96. ಅದನ್ನು ಕಂಡು ಬಾಯಲ್ಲಿ ನೀರು ಬಂದದ್ದು ನಿಜ. ಆದರೆ ನನ್ನ ಕಾರ್ಡಿಗೆ ಅದು ಕುದುರೆಗಿಂತ ದುಬಾರಿಯ ಜೀನು. ಜೊತೆಗೆ ಡಬ್ಬಿಯಲ್ಲಿ ಫ್ಯಾನು ಸಹ ಕೊಡುವುದಿಲ್ಲ.

ಮೂರು ಕೊಟೇಶನ್ ಇಲ್ಲದೆ ಪೊರಕೆಯನ್ನೂ ಕೊಳ್ಳದ ಇಲಾಖೆಯವನು ನಾನು. ಒಂದು ಹಾಳೆಯಲ್ಲಿ ಗೆರೆ ಎಳೆದು ತುಲನಾ ಪಟ್ಟಿ ಬರೆದೆ. ಇಂಟೆಲ್ ಐ5-12400ಎಫ್ ಒಳ್ಳೆಯ ಪ್ರೊಸೆಸರು, ಸಂಶಯವಿಲ್ಲ. ಆದರೆ ಅದು ನನ್ನ ಮದರ್‌ಬೋರ್ಡಿನಲ್ಲಿ ಕೂಡುವುದಿಲ್ಲ, ಬೋರ್ಡು ಹೊಸದು ಬೇಕು. ರೈಜನ್ 5 7600 ಇನ್ನೂ ಹೊಸದು. ಅದರ ಎ.ಎಂ.5 ಸಾಕೆಟ್ಟಿಗೆ 2027ರವರೆಗೂ ಅದರಾಚೆಗೂ ಪ್ರೊಸೆಸರುಗಳು ಬರುತ್ತವೆಂದು ಕಂಪನಿ ಮಾತು ಕೊಟ್ಟಿದೆ. ಆದರೆ ಅದಕ್ಕೆ ಬೋರ್ಡಿನ ಜೊತೆಗೆ ಡಿ.ಡಿ.ಆರ್.5 ರ್‍ಯಾಮೇ ಆಗಬೇಕು; ನನ್ನಲ್ಲಿದ್ದ ಡಿ.ಡಿ.ಆರ್.4ರ 16 ಜಿ.ಬಿ. ಕಸಕ್ಕೆ. ಪ್ರೊಸೆಸರಿನ ಬೆಲೆಯೆಂದರೆ ಡಬ್ಬಿಯ ಮೇಲೆ ಬರೆದದ್ದಲ್ಲ. ಬೀಗತನ ಮಾಡಿದರೆ ಹಿಂದೆ ಬಳಗವೆಲ್ಲ ಬರುತ್ತದಲ್ಲ, ಅವರ ಊಟದ ಖರ್ಚೂ ಸೇರಿದ್ದು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ರ್‍ಯಾಮಿನ ಬೆಲೆ ಏರಿದ ಪರಿ ಕಂಡವರಿಗೆ ಈ ಮಾತು ಇನ್ನೂ ಚೆನ್ನಾಗಿ ತಿಳಿದೀತು. ಬಳಗವಿಲ್ಲದೆ ಒಂಟಿಯಾಗಿ ಬರುವುದು 5600 ಒಂದೇ. 2018ರ ನನ್ನ ಬಿ450 ಬೋರ್ಡಿಗೆ ಬಯೋಸ್ ಹೊಸದು ಮಾಡಿದರೆ 2022ರ ಪ್ರೊಸೆಸರು ಕೂಡುತ್ತದೆ. 5500 ಇನ್ನೂ ಅಗ್ಗವಾಗಿತ್ತು. ಮೇಜು ಅರ್ಧವೆಂದು ಬಿಟ್ಟೆ.

ಮಂಜೂರಾತಿ ಮಾತ್ರ ಬಾಕಿ. ಮನೆಯಾಕೆ ಪಟ್ಟಿಯನ್ನು ಪೂರ್ತಿ ಓದಿ, "ಅಲ್ರೀ, ಇದರಾಗ ಮನಿಗೆ ಏನ್ ಬಂತು?" ಎಂದಳು. ನ್ಯಾಯವಾದ ಆಕ್ಷೇಪಣೆ. ಅವಳು ಅದೇ ಕಂಪ್ಯೂಟರಿನಲ್ಲಿ ಎರಡು ಅಂಗಡಿಗಳ ಲೆಕ್ಕ ಬರೆಯುತ್ತಾಳೆ. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ವಿಂಡೋಸ್ 11 ಒಪ್ಪುವ ಪ್ರೊಸೆಸರುಗಳ ಯಾದಿಯಲ್ಲಿ 2200ಜಿ ಇಲ್ಲ, 5600 ಇದೆ. ಇದನ್ನು ತೋರಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಖರೇ. ಆದರ ನಿಮ್ಮ ತಮ್ಮ ನಾಕು ವಾರದಿಂದ ಮಾತಾಡಿಲ್ಲ, ಅದನ್ನ ಮೊದಲ ಬರಿಬೇಕಿತ್ತು" ಎಂದಳು. ಬೋನಸ್ಸಿಗೆ ಕಡಿಮೆ ಬಿದ್ದದ್ದನ್ನು ತನ್ನ ಲೆಕ್ಕದ ಹಣದಿಂದ ಕೊಟ್ಟಳು.

ದೀಪಾವಳಿಯ ಹಿಂದಿನ ಶನಿವಾರ ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿಳಿದು ಲ್ಯಾಮಿಂಗ್ಟನ್ ರಸ್ತೆಗೆ ಹೋದೆ. ಒಂದು ಅಂಗಡಿಯಲ್ಲಿ ಬಿಲ್ಲಿಲ್ಲದೆ ಕೊಂಡರೆ ಎಂಟು ನೂರು ಕಡಿಮೆ ಎಂದ. ಡಬ್ಬಿಯಿಲ್ಲದ ಬರಿಯ ಚಿಪ್ಪು ಇನ್ನೂ ಅಗ್ಗ ಎಂದ. ಡಬ್ಬಿಯ ಮಾಲಿಗೆ ಮೂರು ವರ್ಷದ ವಾರಂಟಿ ಇರುವಾಗ, ಕಾಗದದ ಮೇಲೆಯೇ ಹೊಟ್ಟೆ ಹೊರೆಯುವವನು ಕಾಗದವನ್ನು ಬಿಟ್ಟುಬರುವುದೆ? ಮುಂದಿನ ಅಂಗಡಿಯಲ್ಲಿ ನೂರಕ್ಕೆ 18ರ ಜಿ.ಎಸ್.ಟಿ. ಸಹಿತ ಬಿಲ್ಲು ಪಡೆದೆ.

ಬಯೋಸ್ ಬದಲಿಸುವುದನ್ನು ಹಳೆಯ ಪ್ರೊಸೆಸರು ಒಳಗಿರುವಾಗಲೇ ಮಾಡಬೇಕು. ತೆಗೆದ ಮೇಲೆ ನೆನಪಾದರೆ ಬೋರ್ಡು ಹೊಸಬನನ್ನು ಗುರುತಿಸುವುದಿಲ್ಲ. ನಡುವೆ ಕರೆಂಟು ಹೋದರೆ ಬೋರ್ಡೇ ಕೆಟ್ಟೀತೆಂದು ಕೆಳಮನೆಯವರ ಯು.ಪಿ.ಎಸ್. ಎರವಲು ತಂದೆ. ಅರ್ಧ ತಾಸು ಕಂಪ್ಯೂಟರು ಓಡಿಸಿ ಬಿಸಿಯಾದ ಮೇಲೆ ಬಂದುಮಾಡಿ, ಫ್ಯಾನನ್ನು ಮೆಲ್ಲಗೆ ತಿರುವಿ ಬಿಡಿಸಿದೆ. ತಣ್ಣಗಿರುವಾಗ ಎಳೆದರೆ ಒಣಗಿದ ಪೇಸ್ಟು ಪ್ರೊಸೆಸರನ್ನೂ ಕಿತ್ತುಕೊಂಡು ಬಂದು ಅದರ ಕೆಳಗಿನ ಸೂಜಿಗಳು ಬಾಗುವುದುಂಟು. ಮಗ ಟಾರ್ಚು ಹಿಡಿದಿದ್ದ.

ಆ ಶುಕ್ರವಾರ ಹೊಗೆಗುಂಡು ಬಿತ್ತು, ಪರದೆ ನಿಲ್ಲಲಿಲ್ಲ. ಆದರೂ ಹೊಗೆಯಿಂದ ಬಂದವನು ನನ್ನನ್ನು ಕೊಂದ. ತಮ್ಮ ಹೇಳಿದ, "ಈಗ ಕಂಪ್ಯೂಟರಿಗೆ ಬೈಯೂಹಂಗಿಲ್ಲ." ಮುಂದಿನ ಸುತ್ತು ಶುರುವಾಗುವ ತನಕ ಅಪ್ಪನನ್ನು ಮುಂಬಯಿಗೆ ಕರೆತಂದು ಮೊಣಕಾಲು ತೋರಿಸುವ ತಾರೀಖು ಗೊತ್ತುಮಾಡಿದೆವು.

ಹಳೆಯ 2200ಜಿಯನ್ನು ನಮ್ಮ ಕಟ್ಟಡದ ಕಾಲೇಜು ಹುಡುಗನೊಬ್ಬ ಕೇಳಿಕೊಂಡು ಬಂದ. ಅದರಲ್ಲಿ ಗ್ರಾಫಿಕ್ಸು ಒಳಗೇ ಇರುವುದರಿಂದ ಬೇರೆ ಕಾರ್ಡು ಬೇಕಿಲ್ಲ. ಅವನ ಓದಿಗೂ ಸಣ್ಣಪುಟ್ಟ ಆಟಕ್ಕೂ ಸಾಕು. ಸಾವಿರದ ಐದು ನೂರು ಎಂದೆ. ತಿರುಗಿಸಿ ಮುರುಗಿಸಿ ಸೂಜಿಗಳನ್ನೆಲ್ಲ ನೋಡಿ, "ಕಾಕಾ, ಬಿಲ್ ಆಹೇ ಕಾ?" ಎಂದು ಕೇಳಿದ. 2018ರ ಕಡತದಿಂದ ತೆಗೆದುಕೊಟ್ಟೆ.