ಕಳಿ ತಿರುವುವ ಊರಿನಿಂದ

ಧರ್ಮಪುರಿ, ಡಿಸೆಂಬರ್

ಪ್ರೀತಿಯ ಅಕ್ಕಾ,

ಊಟಕ್ಕೆ ಏನು ಮಾಡ್ಕೊಳ್ತಿದ್ದೀಯ ಅಂತ ಅಮ್ಮ ಕೇಳಿದಾಗೆಲ್ಲ ‘ಅನ್ನ, ಸಾರು’ ಅಂದು ಮಾತು ಹಾರಿಸುತ್ತಿದ್ದೆ. ನಿನಗೆ ಹೇಳುತ್ತೇನೆ: ರಾಗಿ ಕಳಿ. ನಮ್ಮ ಕಡೆಯವರು ಮುದ್ದೆ ಅನ್ನುವುದೇ ಇದು. ಸಾಗರದಲ್ಲಿ ಮೂರು ಹೊತ್ತೂ ಅಕ್ಕಿ ತಿಂದು ಬೆಳೆದ ನಮಗೆ ಅದು ಬಯಲುಸೀಮೆ ನೆಂಟರ ಮನೆಯ ಊಟ, ಅಷ್ಟೇ.

ಈಗ ಇಲ್ಲಿ ಸುಗ್ಗಿ. ಪೆನ್ನಾಗರಂ ರಸ್ತೆಯಲ್ಲಿ ಟಾರಿನ ಮೇಲೆ ರಾಗಿ ತೆನೆ ಹರಡಿರುತ್ತಾರೆ, ಚಕ್ರ ಹತ್ತಿ ಕಾಳು ಉದುರಲಿ ಎಂದು. ಬಸ್ಸಿನ ಡ್ರೈವರೂ ಬೇಕೆಂದೇ ಅದರ ಮೇಲೆ ಹಾಯಿಸುತ್ತಾನೆ. ಕೆಂಪು ನೆಲ, ಮಳೆ ನಂಬಿದ ಹೊಲ. ರಾಗಿ, ಸಾಮೆ, ಹುರುಳಿಗೆ ಹೇಳಿ ಮಾಡಿಸಿದ ಸೀಮೆ. ರೇಷನ್ ಅಂಗಡಿಯಲ್ಲಿ ಅಕ್ಕಿಯ ಬದಲು 2 ಕೆ.ಜಿ. ರಾಗಿ ಕೊಡುವುದನ್ನು ತಮಿಳುನಾಡು ಸರ್ಕಾರ 2023ರಲ್ಲಿ ಮೊದಲು ಶುರು ಮಾಡಿದ್ದು ನೀಲಗಿರಿಯಲ್ಲಿ ಮತ್ತು ಇಲ್ಲಿ.

ಮನೆ ಓನರ್ ಅಜ್ಜಿಯದು ಕನ್ನಡದ ಮನೆ. ಈ ಕಡೆ ಅಂಥ ಮನೆ ಬೇಕಾದಷ್ಟಿವೆ. ಹೊರಗೆ ತಮಿಳು, ಒಲೆಯ ಮುಂದೆ ಕನ್ನಡ. ಕಳಿ ಮಾಡಲು ಹೋದ ಮೊದಲ ಸಲ ನಾನು ಕುದಿಯುವ ನೀರಿಗೆ ಹಿಟ್ಟು ಸುರಿದು, ಉಪ್ಪಿಟ್ಟಿಗೆ ರವೆ ತಿರುವಿದಂತೆ ತಿರುವಿದೆ. ಆಗಿದ್ದು ನೆಲ್ಲಿಕಾಯಿ ಗಾತ್ರದ ಗಂಟುಗಳು. ಒಡೆದು ನೋಡಿದರೆ ಒಳಗೆ ಒಣ ಹಿಟ್ಟು ಹಾಗೇ ಇದೆ. ಬಿಸಿನೀರು ತಾಗಿದ ಕೂಡಲೇ ಹಿಟ್ಟಿನ ಹೊರಮೈ ಬೆಂದು ಪದರ ಕಟ್ಟುತ್ತದೆ, ಆಮೇಲೆ ನೀರು ಒಳಕ್ಕೆ ಇಳಿಯುವುದಿಲ್ಲ. ಗಂಟಿನ ಭಯಕ್ಕೆ ಮುಂದಿನ ಸಲ ನೀರು ಜಾಸ್ತಿ ಮಾಡಿದೆ. ಅದು ಅಂಬಲಿಯಾಯಿತು, ಕುಡಿದೆ. ಕಡಿಮೆ ಉರಿಯಲ್ಲಿ ಬೇಗ ಇಳಿಸಿದ್ದು ಕೈಗೆ, ಸೌಟಿಗೆ, ಕೊನೆಗೆ ಹಲ್ಲಿಗೂ ಮೆತ್ತಿತು. ಗೋಧಿ ಹಿಟ್ಟಿನ ಹಾಗೆ ನಾದಿ ಜಿಗಿ ಬರಿಸೋಣ ಅಂದರೆ ರಾಗಿಯಲ್ಲಿ ಆ ಜಿಗಿಯೇ ಇಲ್ಲ. ಬೆಂದರಷ್ಟೇ ಅದು ಒಂದಕ್ಕೊಂದು ಹಿಡಿದುಕೊಳ್ಳುವುದು.

ಅಜ್ಜಿ ಬಾಗಿಲಲ್ಲೇ ನಿಂತು, ‘ಕೋಲು ಯಾಕಾಡುಸ್ತೀಯ, ಅದು ಬೇಯ್ಲಿ ಬಿಡು’ ಅಂದರು. ಅವರ ಕ್ರಮ ಬೇರೆ. ಮೊದಲು ನೀರಿಗೆ ಉಪ್ಪು, ಒಂದು ಹಿಡಿ ಅಕ್ಕಿ ನುಚ್ಚು. ನುಚ್ಚು ಮೆತ್ತಗೆ ಬೆಂದು ಗಂಜಿಯಾದ ಮೇಲೆ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಬೇಕು. ಕೋಲಿನಿಂದ ನೆತ್ತಿಗೆ ಒಂದೇ ತೂತು. ಉರಿ ತಗ್ಗಿಸಿ ಮುಚ್ಚಳ ಹಾಕಿ ಸುಮ್ಮನೆ ಕೂರಬೇಕು. ತೂತಿನಿಂದ ಗಂಜಿ ಬುಳಬುಳ ಉಕ್ಕಿ ಗುಡ್ಡೆಯ ಮೇಲೆ ಹರಿಯುತ್ತ ಹಿಟ್ಟನ್ನು ತಾನೇ ಬೇಯಿಸುತ್ತದೆ. ಹತ್ತು ನಿಮಿಷಕ್ಕೆ ಹಸಿ ವಾಸನೆ ಹೋಗಿ ಹುರಿದ ರಾಗಿಯ ಘಮ ಬಂದಾಗ ಪಾತ್ರೆ ಕೆಳಗಿಳಿಸಿ, ಕವೆಗೋಲಿನಲ್ಲಿ ಅದುಮಿ ಹಿಡಿದು, ಅಂಚಿನಿಂದ ನಡುವಿಗೆ ಒತ್ತಿ ಒತ್ತಿ ತಿರುವಬೇಕು. ಅಜ್ಜಿಗೆ ಎಪ್ಪತ್ತು ದಾಟಿದೆ. ಆ ತೋಳಿನ ಬಿರುಸು ನೋಡಬೇಕು ನೀನು! ಒದ್ದೆ ಕೈಯಲ್ಲಿ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆ ಅಂತ ಲೆಕ್ಕ.

ಎಲ್ಲ ಆ ನುಚ್ಚಿನಲ್ಲೇ ಇದೆ ಅನ್ನಿಸುತ್ತದೆ ನನಗೆ. ಗಂಜಿ ಇದ್ದರೆ ಹಿಟ್ಟು ಗಂಟು ಕಟ್ಟುವುದು ಕಡಿಮೆ, ಕಳಿಯೂ ನುಣ್ಣಗೆ ಜಾರುತ್ತದೆ. ಮೈಸೂರು ಕಡೆಯ ಹಳೇ ಮನೆಗಳಲ್ಲೂ ಮುದ್ದೆಗೆ ನುಚ್ಚು, ಇಲ್ಲವೇ ಮಿಕ್ಕ ಅನ್ನ ಹಾಕುವುದುಂಟು. ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿ ಜಗಳವಾಡಿ ರಾಮನ ಮುಂದೆ ಹೋಗಿ ಸೆರೆವಾಸ ಕಂಡ ಅಕ್ಕಿ-ರಾಗಿ ಇಲ್ಲಿ ಒಂದೇ ಪಾತ್ರೆಯಲ್ಲಿ ರಾಜಿಯಾಗಿವೆ!

ಜೊತೆಗೆ ಕಡೆದ ಸೊಪ್ಪು, ಇಲ್ಲವೇ ಕಡಲೆಕಾಯಿ ಚಟ್ನಿ. ರಾತ್ರಿ ಉಳಿದ ಕಳಿಯನ್ನು ನೀರಿನಲ್ಲಿ ಹಾಕಿಟ್ಟು, ಬೆಳಿಗ್ಗೆ ಕಿವುಚಿ ಮಜ್ಜಿಗೆ, ಸಣ್ಣ ಈರುಳ್ಳಿ ಸೇರಿಸಿ ಕುಡಿದರೆ ಮಧ್ಯಾಹ್ನದವರೆಗೆ ಹಸಿವಿಲ್ಲ. ನನಗೆ ಕಳಿಗಿಂತ ಇದೇ ಇಷ್ಟ.

ಮೊನ್ನೆ ತೊಪ್ಪೂರು ಘಾಟಿ ಇಳಿದು ಸೇಲಂಗೆ ಹೋಗಿದ್ದೆ. 1965ರವರೆಗೆ ಧರ್ಮಪುರಿ ಸೇಲಂ ಜಿಲ್ಲೆಗೇ ಸೇರಿತ್ತು. ಬೀದಿಯಲ್ಲಿ ತಟ್ಟುವಡೆ ಸೆಟ್ ತಿಂದೆ: ಎರಡು ಗರಿಗರಿ ನಿಪ್ಪಟ್ಟಿನ ನಡುವೆ ತುರಿದ ಕ್ಯಾರೆಟ್, ಬೀಟ್‌ರೂಟ್, ಖಾರದ ಚಟ್ನಿ. ಆಮೇಲೆ ಶೆವ್ವಾಪೇಟೆಯಲ್ಲಿ ಅಲೆದು ನನ್ನದೇ ಒಂದು ಕೋಲು ಕೊಂಡೆ. ಅಂಗಡಿಯವನು ಎತ್ತಿ ಕೊಟ್ಟ ಮೊದಲನೆಯದು ಹಗುರ. ತುದಿ ಚಪ್ಪಟೆಯಾಗಿ, ಕೈಗೆ ಭಾರ ಬೀಳುವಂಥದನ್ನು ಆರಿಸಿದೆ.

ಸಂಕ್ರಾಂತಿಗೆ ಬರುತ್ತೇನೆ. ಮಿಲ್ಲಿನಿಂದ ಅಕ್ಕಿ ಬಂದಾಗ ನುಚ್ಚು ಜರಡಿ ಹಿಡಿದು ಬೇರೆ ತೆಗೆದಿಡು, ಕೋಳಿಗೆ ಹಾಕಬೇಡ. ಹಿಟ್ಟು ನಾನೇ ತರುತ್ತೇನೆ. ಕಳಿಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಅಂತ ಭಾವನಿಗೆ ಈಗಲೇ ಹೇಳಿಡು. ಯಾರಾದರೂ ಈ ಕಡೆ ಬರುವವರಿದ್ದರೆ ಅಪ್ಪೆಮಿಡಿ ಒಂದು ಸಣ್ಣ ಡಬ್ಬಿ ಕಳಿಸು. ಅಜ್ಜಿಗೆ ಕೊಡಬೇಕು.

ನಿನ್ನ ತಮ್ಮ